ಶರಾವತಿ ಹಿನ್ನೀರಿನಲ್ಲಿ ಆದಿಕಾಲದ ಸುಳಿವು: ಮುಂದಿನ ನೆಲೆ ಚಂದ್ರನೇ?

ಹಳೇಬೀಡಿನ ದ್ವಾರಸಮುದ್ರದಿಂದ ಶರಾವತಿಯ ಲಿಂಗನಮಕ್ಕಿಯವರೆಗೆ ಕನ್ನಡನಾಡಿನ ಅರಸರು, ಸರ್ಕಾರಗಳು ನೀರನ್ನು ಕಟ್ಟಿ ನಿಲ್ಲಿಸಿದ್ದು ಬೇಸಾಯಕ್ಕೆ, ಬಳಕೆಗೆ ಮತ್ತು ವಿದ್ಯುತ್ತಿಗೆ. 2020ರ ಆರಂಭದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ನೀರಿಗೆ ಮತ್ತೊಂದು ಉಪಯೋಗವನ್ನು ಕಂಡುಕೊಂಡರು. ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಬಳಿಕ ಶರಾವತಿ ಹಿನ್ನೀರಿನಲ್ಲಿ ಅವರು ತೆಪ್ಪದ ಮೇಲೆ ರೇಡಿಯೊ ದೂರದರ್ಶಕವೊಂದನ್ನು ತೇಲಿಬಿಟ್ಟರು. ಅದರ ಹೆಸರು 'ಸರಸ್-3'.

ಅದು ಹುಡುಕುತ್ತಿದ್ದುದೇನು? ಮಹಾಸ್ಫೋಟದ ಸುಮಾರು 3.8 ಲಕ್ಷ ವರ್ಷಗಳ ನಂತರ ಹೊರಟ ಬೆಳಕು ಇಂದಿಗೂ ವಿಶ್ವವನ್ನು ತುಂಬಿಕೊಂಡಿದೆ. ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಈ ಹಿನ್ನೆಲೆ ವಿಕಿರಣದ ಪತ್ತೆಯನ್ನು 1965ರಲ್ಲಿ ಪ್ರಕಟಿಸಿ, 1978ರಲ್ಲಿ ನೊಬೆಲ್ ಪಡೆದರು. ಇಂದು ಅದರ ಉಷ್ಣತೆ ಕೇವಲ 2.7 ಕೆಲ್ವಿನ್. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಜಲಜನಕವು ಈ ವಿಕಿರಣದ ಅಲ್ಪಾಂಶವನ್ನು 21 ಸೆಂಟಿಮೀಟರ್ ತರಂಗದೂರದಲ್ಲಿ ಹೀರಿಕೊಂಡಿರಬೇಕು ಎಂಬುದು ಸಿದ್ಧಾಂತ. ವಿಶ್ವದ ಹಿಗ್ಗುವಿಕೆಯಿಂದ ಆ ಗುರುತು ಈಗ ಕೆಲವು ಮೀಟರುಗಳಷ್ಟು ಉದ್ದದ ರೇಡಿಯೊ ತರಂಗಗಳಲ್ಲಿ ಸಿಗಬೇಕು.

2018ರಲ್ಲಿ ಆಸ್ಟ್ರೇಲಿಯದ ಮರುಭೂಮಿಯಲ್ಲಿದ್ದ 'ಎಡ್ಜಸ್' ಎಂಬ ಉಪಕರಣ ಇಂತಹ ಗುರುತನ್ನು 78 ಮೆಗಾಹರ್ಟ್ಸ್ ಬಳಿ ಕಂಡಿತೆಂದು ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಅದರ ಆಳ ಅರ್ಧ ಕೆಲ್ವಿನ್. ಸಿದ್ಧಾಂತದ ನಿರೀಕ್ಷೆಗಿಂತ ಎರಡು ಪಟ್ಟಿಗೂ ಹೆಚ್ಚು! ಇದನ್ನು ವಿವರಿಸಲು ಕಪ್ಪುದ್ರವ್ಯದ ಹೊಸ ಗುಣಗಳನ್ನೇ ಊಹಿಸಲಾಯಿತು. ಇದು ನಿಜವಾಗಿದ್ದರೆ ಭೌತವಿಜ್ಞಾನದ ಪುಸ್ತಕಗಳನ್ನು ತಿದ್ದಬೇಕಾಗುತ್ತಿತ್ತು.

ಇಲ್ಲಿಯೇ ದೂರದರ್ಶಕದ ವಿನ್ಯಾಸದ ಪ್ರಶ್ನೆ ಏಳುತ್ತದೆ. ಈ ತರಂಗಾಂತರಗಳಲ್ಲಿ ನಮ್ಮ ಆಕಾಶಗಂಗೆಯ ಸದ್ದೇ ಸಾವಿರಾರು ಕೆಲ್ವಿನ್‌ಗಳಷ್ಟಿರುತ್ತದೆ. ಅದರ ನಡುವೆ ಅರ್ಧ ಕೆಲ್ವಿನ್ ಅಥವಾ ಅದಕ್ಕೂ ಕಡಿಮೆ ಆಳದ ತಗ್ಗನ್ನು ಗುರುತಿಸಬೇಕು. ಆಂಟೆನಾದ ಕೆಳಗಿನ ನೆಲದಲ್ಲಿ ಮಣ್ಣು, ಕಲ್ಲು, ತೇವ ಪದರಪದರವಾಗಿರುತ್ತವೆ. ಅವುಗಳಿಂದ ಪ್ರತಿಫಲಿಸಿದ ತರಂಗಗಳು ಅಂತಹುದೇ ನಕಲಿ ತಗ್ಗನ್ನು ಸೃಷ್ಟಿಸಬಲ್ಲವು. ನೀರಾದರೋ ಏಕರೂಪಿ. ಅದರ ಗುಣವನ್ನು ಅಳೆದು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಶಂಕುವಿನಾಕಾರದ ಆಂಟೆನಾವನ್ನು ನೀರಿಗಿಳಿಸಿದ ಗುಟ್ಟು ಇದೇ.

2022ರ ಫೆಬ್ರವರಿಯಲ್ಲಿ 'ನೇಚರ್ ಅಸ್ಟ್ರಾನಮಿ' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಎಡ್ಜಸ್ ಹೇಳಿದ ಗುರುತು ಶರಾವತಿಯ ಮೇಲೆ ಕಾಣಲಿಲ್ಲ. ಶೇ. 95.3ರಷ್ಟು ವಿಶ್ವಾಸಮಟ್ಟದಲ್ಲಿ ಆ ಹೇಳಿಕೆಯನ್ನು ಸರಸ್-3 ತಳ್ಳಿಹಾಕಿತು. ಇಂತಹ ಎಡವಟ್ಟು ಹೊಸದೇನಲ್ಲ. 2014ರಲ್ಲಿ ದಕ್ಷಿಣ ಧ್ರುವದ 'ಬೈಸೆಪ್-2' ದೂರದರ್ಶಕ ಹಿನ್ನೆಲೆ ವಿಕಿರಣದಲ್ಲಿ ಆದಿಕಾಲದ ಗುರುತ್ವ ತರಂಗಗಳ ಮುದ್ರೆ ಸಿಕ್ಕಿತೆಂದು ಘೋಷಿಸಿತು. ಮರುವರ್ಷ ಯುರೋಪಿನ ಪ್ಲಾಂಕ್ ಉಪಗ್ರಹದ ಮಾಹಿತಿಯನ್ನು ಜೋಡಿಸಿ ನೋಡಿದಾಗ, ಆ ಸಂಕೇತಕ್ಕೆ ನಮ್ಮದೇ ಆಕಾಶಗಂಗೆಯ ಧೂಳು ಸಾಕಷ್ಟು ಕಾರಣವೆಂದು ತಿಳಿದು ಘೋಷಣೆ ಬಿದ್ದುಹೋಯಿತು. ದೊಡ್ಡ ದಾವೆಗೆ ಸ್ವತಂತ್ರ ಸಾಕ್ಷಿ ಬೇಕು. ಆ ಸಾಕ್ಷಿ ನುಡಿಯುವ ಸಾಮರ್ಥ್ಯ ಬೆಂಗಳೂರಿನಲ್ಲಿ ಇದ್ದುದರಿಂದಲೇ ಜಗತ್ತು ಕಿವಿಗೊಟ್ಟಿತು.

ಆದರೆ ಮುಂದೇನು? ಎಡ್ಜಸ್ ಕಂಡದ್ದು ತಪ್ಪಾದರೆ ನಿಜವಾದ ಗುರುತು ಇನ್ನೂ ಕ್ಷೀಣ. ಸರಸ್ ಆಲಿಸುವ ಪಟ್ಟಿಯ ಪಕ್ಕದಲ್ಲೇ, 88ರಿಂದ 108 ಮೆಗಾಹರ್ಟ್ಸ್‌ವರೆಗೆ, ಎಫ್‌ಎಂ ಬಾನುಲಿಯ ಅಬ್ಬರವಿದೆ. ದೂರದ ಪ್ರಸಾರವೂ ವಿಮಾನ, ಉಲ್ಕೆಗಳ ಜಾಡಿಗೆ ತಾಗಿ ಹಿಂತಿರುಗುತ್ತದೆ. ಇದಕ್ಕಾಗಿಯೇ ವಿಜ್ಞಾನಿಗಳು ಹಿನ್ನೀರಿನಂತಹ ನಿಶ್ಶಬ್ದ ತಾಣಗಳನ್ನು ಅರಸುತ್ತಾರೆ. ಅದೇ ಹಿನ್ನೀರಿನ ಜನರಿಗೆ ಮಾತ್ರ ಈ ನಿಶ್ಶಬ್ದ ವರವಲ್ಲ. ಮುಳುಗಡೆಯಿಂದ ದ್ವೀಪವಾಸಿಗಳಂತಾದ ತುಮರಿ ಭಾಗದವರ ಬಹುಕಾಲದ ಬೇಡಿಕೆಗಳಲ್ಲಿ ಸೇತುವೆಯ ಜೊತೆಗೆ ಮೊಬೈಲ್ ಸಂಪರ್ಕವೂ ಒಂದಾಗಿತ್ತು. ನಾಡಿಗೆ ಬೆಳಕು ಕೊಡಲು ಮನೆ ಕಳೆದುಕೊಂಡವರನ್ನು ವಿಜ್ಞಾನಕ್ಕಾಗಿ ಮೌನವಾಗಿರಿ ಎಂದು ಕೇಳುವುದು ನ್ಯಾಯವೂ ಅಲ್ಲ, ಸಾಕಾಗುವ ಉಪಾಯವೂ ಅಲ್ಲ.

ಹಾಗಾಗಿ ದಾರಿ ಆಕಾಶದತ್ತ ತಿರುಗುತ್ತದೆ. ಚಂದ್ರನನ್ನು ಸುತ್ತುತ್ತ, ಭೂಮಿಯ ಗದ್ದಲ ತಲುಪದ ಅದರ ಮರೆಯಲ್ಲಿ ಆಲಿಸುವ 'ಪ್ರತುಷ್' ಯೋಜನೆಯನ್ನು ಇದೇ ರಾಮನ್ ಸಂಸ್ಥೆ ರೂಪಿಸುತ್ತಿದೆ. ಹಿನ್ನೆಲೆ ವಿಕಿರಣವನ್ನೇ ಸೂಕ್ಷ್ಮವಾಗಿ ಅಳೆಯುವ 'ಸಿಎಂಬಿ-ಭಾರತ್' ಉಪಗ್ರಹದ ಪ್ರಸ್ತಾವವನ್ನು ದೇಶದ ವಿಜ್ಞಾನಿಗಳು 2018ರಲ್ಲಿಯೇ ಇಸ್ರೋಗೆ ಸಲ್ಲಿಸಿದ್ದಾರೆ. ತೆಪ್ಪದ ಮೇಲಿನ ಪ್ರಯೋಗಕ್ಕೆ ಒಂದು ಸಂಸ್ಥೆಯ ಹಟ ಸಾಕಾಯಿತು. ಕಕ್ಷೆಯ ಪ್ರಯೋಗಕ್ಕೆ ಸರ್ಕಾರದ ನಿರ್ಧಾರ ಬೇಕು. ಶರಾವತಿಯಲ್ಲಿ ಗಳಿಸಿದ ಅನುಭವ ಮತ್ತು ಕೀರ್ತಿ ಎರಡೂ ಆ ನಿರ್ಧಾರ ಎಷ್ಟು ಬೇಗ ಬರುತ್ತದೆ ಎಂಬುದನ್ನು ಅವಲಂಬಿಸಿವೆ.