ರಾಜಕುಮಾರರ ಶ್ರೇಷ್ಠ ಚಿತ್ರ ಯಾವುದು? — ಒಂದು ಪ್ರತಿವಾದ

ಈಚೆಗೆ ನುಗ್ಗೇಹಳ್ಳಿಯಲ್ಲಿ ಮಿತ್ರರೊಬ್ಬರ ಮನೆಯ ಜಗುಲಿಯ ಮೇಲೆ ನಡೆದ ವಾದವೊಂದು ಈ ಲೇಖನಕ್ಕೆ ಕಾರಣವಾಯಿತು. ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮೊಮ್ಮಗಳು ರಜಕ್ಕೆ ಬಂದಿದ್ದಳು. ಮಾತಿನ ನಡುವೆ ಆಕೆ, “ತಾತ, ರಾಜಕುಮಾರರ ಚಿತ್ರ ಒಂದನ್ನೂ ನಾನು ಪೂರ್ತಿಯಾಗಿ ನೋಡಿಲ್ಲ. ಒಂದೇ ಒಂದನ್ನು ನೋಡುವುದಾದರೆ ಯಾವುದನ್ನು ನೋಡಲಿ?” ಎಂದು ಕೇಳಿದಳು. ಕೊಬ್ಬರಿ ವ್ಯಾಪಾರಿಗಳೊಬ್ಬರು ‘ಬಂಗಾರದ ಮನುಷ್ಯ’ ಎಂದರು. ನಿವೃತ್ತರಾದ ಮೇಷ್ಟ್ರು ‘ಮಯೂರ’ ಎಂದರು. ಮತ್ತೊಬ್ಬರು ‘ಬಭ್ರುವಾಹನ’ವನ್ನು ಎತ್ತಿ ಹಿಡಿದರು. ಒಬ್ಬರು ಓಡಿದ ದಿನಗಳನ್ನು ಎಣಿಸಿದರು, ಒಬ್ಬರು ಪ್ರಶಸ್ತಿಗಳನ್ನು ಎಣಿಸಿದರು, ದನಿಗಳು ಏರಿದವು. ಅರ್ಧ ಗಂಟೆಯ ಮೇಲೆ ನೋಡಿದರೆ ಹುಡುಗಿ ಎದ್ದು ಒಳಕ್ಕೆ ಹೋಗಿದ್ದಳು. ಅಲ್ಲಿ ದನಿ ಏರಿಸಿದವರಲ್ಲಿ ನಾನೂ ಒಬ್ಬನಾದ್ದರಿಂದ ಮುಂದೆ ಮಾಡಲಿರುವ ಆಕ್ಷೇಪಣೆಯಲ್ಲಿ ನನಗೂ ಪಾಲುಂಟು.

ಮೊದಲು ದಿನಗಳ ಲೆಕ್ಕ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ವು ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ನಡೆಯಿತೆಂಬುದು ಸರ್ವವಿದಿತ. ಅದರಿಂದ ಜನಕ್ಕೆ ಅದು ಬೇಕಾಗಿತ್ತೆಂಬುದು ಸಿದ್ಧವಾಗುತ್ತದೆ. ಅದಕ್ಕಿಂತ ಹೆಚ್ಚೇನೂ ಸಿದ್ಧವಾಗುವುದಿಲ್ಲ. ಬೇಡಿಕೆಯೇ ಗುಣಕ್ಕೆ ಅಳತೆಗೋಲಾದರೆ ಕನ್ನಡದಲ್ಲಿ ಪಂಚಾಂಗವನ್ನು ಮೀರಿದ ಮಹಾಕಾವ್ಯವಿಲ್ಲವೆಂದು ಒಪ್ಪಬೇಕಾದೀತು. ಪ್ರಶಸ್ತಿಗಳ ಮಾತೂ ಹೀಗೆಯೇ. 1983ರ ಪದ್ಮಭೂಷಣವಾಗಲಿ 1995ರ ಫಾಲ್ಕೆ ಪ್ರಶಸ್ತಿಯಾಗಲಿ ಒಂದು ಜೀವಮಾನದ ಕೆಲಸಕ್ಕೆ ಸಂದವು. ಇನ್ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ಯಾವುದು ಮೇಲೆಂಬುದನ್ನು ಅವು ಹೇಳಲಾರವು.

ಎರಡನೆಯ ವಾದವು ಇದಕ್ಕಿಂತ ಗಟ್ಟಿಯಾದುದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ‘ಬಂಗಾರದ ಮನುಷ್ಯ’ವನ್ನು ನೋಡಿ ಓದುಬಲ್ಲ ಯುವಕರು ಪೇಟೆಯನ್ನು ಬಿಟ್ಟು ಹಳ್ಳಿಗೆ ಮರಳಿದರು, ಇಂತಹ ಪರಿಣಾಮವನ್ನು ಮಾಡಿದ ಚಿತ್ರ ಇನ್ನಾವುದು—ಎಂದು ನಮ್ಮ ವ್ಯಾಪಾರಿ ಮಿತ್ರರು ಕೇಳಿದರು. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲಿ ರಾಜೀವನು ಬಂಜರು ಭೂಮಿಯನ್ನು ಹಸನುಮಾಡಿ ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸುವುದು ನಿಜ. ಆದರೆ ಕಥೆ ಅಲ್ಲಿಗೆ ಮುಗಿಯಿತೆ? ತಾನು ಸಾಕಿದ ಅಕ್ಕನ ಮಗನ ಬಾಯಿಂದಲೇ ಸಲ್ಲದ ಮಾತನ್ನು ಕೇಳಿ, ಮರುಮಾತಾಡದೆ, ತಾನೇ ಬೆಳೆಸಿದ ಊರನ್ನು ಬಿಟ್ಟು ಅವನು ನಡೆದುಹೋಗುತ್ತಾನೆ, ಹಿಂದಿರುಗುವುದಿಲ್ಲ. ಹಳ್ಳಿಗೆ ಬಂದವನು ಹಳ್ಳಿಯಲ್ಲಿ ಉಳಿಯಲಾರದೆ ಹೋದ ಕಥೆ ಅದು. ಮರಳಿ ಬನ್ನಿರೆಂದು ಕರೆಯುವ ಚಿತ್ರವೆಂದು ಅದನ್ನು ಹಾಡಿ ಹೊಗಳುವವರು ಕೊನೆಯ ದೃಶ್ಯಕ್ಕೆ ಮೊದಲೇ ಎದ್ದು ಹೋದರೋ ಏನೋ!

ಇಲ್ಲಿ ಪರದೇಶದ ಒಂದು ನಿದರ್ಶನವನ್ನು ಕೊಡುವುದು ಯುಕ್ತ. ಕುದುರೆಸವಾರರ ಚಿತ್ರಗಳಿಂದ ಪ್ರಖ್ಯಾತನಾದ ಅಮೆರಿಕದ ನಟ ಜಾನ್ ವೇಯ್ನನ ಅಭಿಮಾನಿಗಳಲ್ಲಿಯೂ ಇದೇ ಜಗಳ ಉಂಟು. ಅವನಿಗೆ ಅಕಾಡೆಮಿ ಪ್ರಶಸ್ತಿಯನ್ನು ತಂದುಕೊಟ್ಟುದು 1969ರ ‘ಟ್ರೂ ಗ್ರಿಟ್’. ಬಲ್ಲವರಲ್ಲಿ ಅನೇಕರು ಎತ್ತಿ ಹಿಡಿಯುವುದು ಜಾನ್ ಫೋರ್ಡನು 1956ರಲ್ಲಿ ತೆಗೆದ ‘ದಿ ಸರ್ಚರ್ಸ್’ ಚಿತ್ರವನ್ನು. ಅದರ ಕೊನೆಯಲ್ಲಿಯೂ ನಾಯಕನು ಹೊರಟೇ ಹೋಗುತ್ತಾನೆ. ಅಪಹೃತಳಾದ ಅಣ್ಣನ ಮಗಳನ್ನು ವರ್ಷಗಟ್ಟಲೆ ಹುಡುಕಿ ತಂದು ಒಪ್ಪಿಸುತ್ತಾನೆ. ಎಲ್ಲರೂ ಮನೆಯೊಳಕ್ಕೆ ಹೋಗುತ್ತಾರೆ. ಅವನೊಬ್ಬನು ಹೊಸ್ತಿಲಿನಾಚೆ ನಿಂತು, ತಿರುಗಿ, ಮರಳುಗಾಡಿನ ಕಡೆಗೆ ನಡೆಯುತ್ತಾನೆ. ಇಬ್ಬರ ನಿರ್ಗಮನವೂ ಮೇಲುನೋಟಕ್ಕೆ ಒಂದೇ. ಆದರೆ ಆ ಅಮೆರಿಕನನ್ನು ಮನೆಯಿಂದ ಹೊರಗಿಟ್ಟುದು ಅವನೇ ಎದೆಯಲ್ಲಿ ಸಾಕಿಕೊಂಡ ದ್ವೇಷ. ನಮ್ಮ ರಾಜೀವನಲ್ಲಿ ಅಂತಹ ಕಲೆ ಒಂದೂ ಇಲ್ಲ. ಅವನು ನಿರ್ದೋಷಿ, ದೋಷವೆಲ್ಲ ಸುತ್ತಲಿನವರದು. ನಿರ್ದೋಷಿಯನ್ನು ಕಂಡು ನಾವು ಕಣ್ಣೀರಿಡುತ್ತೇವೆ, ಕೈಮುಗಿಯುತ್ತೇವೆ. ಆದರೆ ಅವನ ಪಾತ್ರವನ್ನು ಧರಿಸಿದ ನಟನಿಗೆ ತಾಳ್ಮೆಯ ಹೊರತು ತೋರಿಸಬೇಕಾದುದು ಹೆಚ್ಚೇನು ಉಳಿಯುತ್ತದೆ? ಪಾತ್ರದ ಸದ್ಗುಣವನ್ನು ಅಭಿನಯದ ಗುಣವೆಂದು ಎಣಿಸುವುದೇ ನಮ್ಮ ಅಭಿಮಾನಿಗಳ ಮೂಲಭೂತವಾದ ತಪ್ಪು.

ಆದ್ದರಿಂದ ನನ್ನ ಪಕ್ಷವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ರಾಜಕುಮಾರರ ಶ್ರೇಷ್ಠ ಚಿತ್ರ ‘ಕಸ್ತೂರಿ ನಿವಾಸ’. ದೊರೆ–ಭಗವಾನರ ನಿರ್ದೇಶನದಲ್ಲಿ 1971ರಲ್ಲಿ ಬಂದ ಕಪ್ಪುಬಿಳುಪಿನ ಚಿತ್ರ ಅದು. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯನಾದ ರವಿವರ್ಮನು ಬೇಡಿದವರಿಗೆ ಇಲ್ಲವೆಂದವನಲ್ಲ. ಅವನ ಆಶ್ರಯದಲ್ಲಿ ಮೇಲೆ ಬಂದವನೇ ಅವನಿಗೆ ಎದುರಾಳಿಯಾಗುತ್ತಾನೆ, ಐಶ್ವರ್ಯ ಕರಗುತ್ತದೆ, ಕೊಡುವ ಅಭ್ಯಾಸ ಮಾತ್ರ ಕರಗುವುದಿಲ್ಲ. ಕೊನೆಗೆ ಮನೆಗೆ ಬಂದ ನೀಲಳಿಗೆ ಊಟವಿಡುವುದಕ್ಕಾಗಿ ತನ್ನ ಮುದ್ದಿನ ಪಾರಿವಾಳವನ್ನು ಕಳೆದುಕೊಳ್ಳುತ್ತಾನೆ. ಆಕೆ ಬಂದುದಾದರೋ ಆ ಪಾರಿವಾಳವನ್ನೇ ಬೇಡುವುದಕ್ಕೆ. ಬಾಳಿನಲ್ಲಿ ಮೊದಲ ಬಾರಿಗೆ ಇಲ್ಲವೆನ್ನಬೇಕಾಗಿ ಬಂದ ಆ ಗಳಿಗೆಯೇ ಅವನ ಮರಣ. ಇಟಲಿಯ ಬೊಕಾಚಿಯೋ 14ನೆಯ ಶತಮಾನದಲ್ಲಿ ಬರೆದ ಡೇಗೆಯ ಕಥೆಗೂ ಇದಕ್ಕೂ ಹೋಲಿಕೆ ಸ್ಪಷ್ಟವಾಗಿದೆ. ಆದರೆ ಅಲ್ಲಿ ಹಕ್ಕಿಯನ್ನು ಬಲಿಗೊಟ್ಟವನಿಗೆ ಕಡೆಯಲ್ಲಿ ಆ ಮಹಿಳೆಯ ಕೈಯೂ ಸಂಪತ್ತೂ ದೊರೆಯುತ್ತವೆ. ಇಲ್ಲಿ ಏನೂ ದೊರೆಯುವುದಿಲ್ಲ.

ಈ ದಾತೃತ್ವದೊಳಗೆ ಒಂದು ಗರ್ವವಿರುವುದನ್ನು ಸಹೃದಯರು ಗಮನಿಸಬೇಕು. ಕೊಡುವವನ ಕೈ ಯಾವಾಗಲೂ ಮೇಲೆ. ಅದನ್ನು ಕೆಳಗೆ ಹಿಡಿಯುವುದು ರವಿವರ್ಮನಿಗೆ ಬಾರದು. ಕರ್ಣನ ಕಥೆಯನ್ನು ಪಂಪನಿಂದಲೂ ಕುಮಾರವ್ಯಾಸನಿಂದಲೂ ಕೇಳುತ್ತ ಬಂದ ನಾಡಿಗೆ ಇದು ಹೊಸ ಮಾತಲ್ಲ: ಯಾವುದು ಅವನ ಹಿರಿಮೆಯೋ ಅದೇ ಅವನ ಕೇಡು. ಇದನ್ನು ರಾಜಕುಮಾರರು ಬಾಯಿಬಿಟ್ಟು ಹೇಳುವುದಿಲ್ಲ. ದನಿಯನ್ನು ತಗ್ಗಿಸಿ, ನಗುವನ್ನು ಸ್ವಲ್ಪ ಹೆಚ್ಚಾಗಿಯೇ ಉಳಿಸಿಕೊಂಡು, ಬಡವನಾದ ಮೇಲೂ ಒಡೆಯನ ನಡಿಗೆಯನ್ನು ಬಿಡದೆ ಕಾಣಿಸುತ್ತಾರೆ. ನಾವು ಅವನನ್ನು ಮೆಚ್ಚುತ್ತಲೇ, ‘ಅಯ್ಯಾ, ಒಮ್ಮೆಯಾದರೂ ತೆಗೆದುಕೊಳ್ಳಬಾರದೆ?’ ಎಂದು ಸಿಟ್ಟಾಗುತ್ತೇವೆ. ಪೂಜೆಗೆ ಕುಳಿತ ಮೂರ್ತಿಯ ಮೇಲೆ ಯಾರಿಗೂ ಇಂತಹ ಸಿಟ್ಟು ಬರುವುದಿಲ್ಲ. ಇದೇ ಕಥೆಯನ್ನು ತಮಿಳಿನಲ್ಲಿ 1975ರಲ್ಲಿ ಶಿವಾಜಿ ಗಣೇಶನ್ನರಂತಹ ಮಹಾನಟರು ಅಭಿನಯಿಸಿದರು. ಅವರ ವೈಭವಕ್ಕೆ ನಮಸ್ಕಾರ. ನನ್ನ ಮನಸ್ಸನ್ನು ಹಿಡಿದುದು ಇವರ ಮಿತ. 2014ರಲ್ಲಿ ‘ಕಸ್ತೂರಿ ನಿವಾಸ’ಕ್ಕೆ ಬಣ್ಣವನ್ನು ಹಚ್ಚಿ ಮತ್ತೆ ತೆರೆಗೆ ತಂದರು, ಆ ಬಣ್ಣ ನನಗೆ ಬೇಡವಾಗಿತ್ತು, ಆದರೂ ಹಲವರು ಹೊಸದಾಗಿ ನೋಡುವಂತಾಯಿತಲ್ಲಾ ಎಂದು ಸುಮ್ಮನಾದೆ.

‘ಮಯೂರ’, ‘ಬಭ್ರುವಾಹನ’ಗಳ ಪಕ್ಷದವರಿಗೆ ಒಂದೆರಡು ಮಾತು ಸಾಕು. ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ಆ ಕಂಠದಲ್ಲಿ ಕನ್ನಡದ ಮಾತು ಎಷ್ಟು ಘನವಾಗಿ ನಿಲ್ಲಬಲ್ಲುದೆಂಬುದನ್ನು ಅವು ತೋರಿಸಿಕೊಟ್ಟವು. ಅದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಅರಸನ ಉಡುಪು ಅರ್ಧ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಎನ್. ಲಕ್ಷ್ಮೀನಾರಾಯಣರ ‘ನಾಂದಿ’ಯಲ್ಲಿ (1964) ಕಿರೀಟವಿಲ್ಲ, ಕತ್ತಿಯಿಲ್ಲ, ಇರುವುದು ಒಬ್ಬ ಸಾಮಾನ್ಯ ಉಪಾಧ್ಯಾಯ, ಮಾತೂ ಕಿವಿಯೂ ಇಲ್ಲದ ಹೆಂಡತಿ. ನನ್ನ ಪಟ್ಟಿಯಲ್ಲಿ ಎರಡನೆಯ ಸ್ಥಾನ ಅದರದು. ಸ್ವತಃ ಉಪಾಧ್ಯಾಯರಾಗಿದ್ದ ನಮ್ಮ ಮೇಷ್ಟ್ರಿಗೆ ಅದರ ನೆನಪೇ ಬರಲಿಲ್ಲವೆಂಬುದನ್ನು ಇಲ್ಲಿ ದಾಖಲೆಮಾಡುತ್ತೇನೆ.

“ಅಷ್ಟು ದೊಡ್ಡವರನ್ನು ತೂಗಿ ನೋಡುವುದಕ್ಕೆ ನೀವು ಯಾರು, ಸ್ವಾಮೀ?” ಎಂದು ಆ ಸಂಜೆ ನನ್ನನ್ನು ಕೇಳಿದರು. ಉತ್ತರವು ಅದೇ ಊರಿನಲ್ಲಿದೆ. ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಮೂರು ಗರ್ಭಗುಡಿಗಳ ಮುಂದೆ ನಾವು ಕೈಮುಗಿದು ನಿಲ್ಲುತ್ತೇವೆ. ಅಲ್ಲಿ ತೂಕದ ಮಾತಿಲ್ಲ. ಹೊರಕ್ಕೆ ಬಂದು ಗೋಡೆಯನ್ನು ಸುತ್ತುವಾಗ ಮಾತ್ರ ಬೈಚೋಜನ ಕೈ ಹೇಗೆ, ಮಲ್ಲಿತಮ್ಮನ ಕೈ ಹೇಗೆ ಎಂದು ಕಣ್ಣಿಟ್ಟು ನೋಡುತ್ತೇವೆ. ಒಂದು ವಿಗ್ರಹ ಇನ್ನೊಂದಕ್ಕಿಂತ ಮೇಲೆನ್ನುತ್ತೇವೆ. ಇದರಿಂದ ಆ ಶಿಲ್ಪಿಗಳಿಗೆ ಅವಮಾನವಾಯಿತೆಂದು ಯಾರೂ ಹೇಳಿಲ್ಲ. ಹಾಗೆ ನೋಡಲೆಂದೇ ಅವರು ಕೆತ್ತಿದರು, ತಮ್ಮ ಹೆಸರನ್ನೂ ಕೆತ್ತಿದರು. ರಾಜಕುಮಾರರು 2006ರಲ್ಲಿ ತೀರಿಕೊಂಡರು. ಅಂದಿನಿಂದ ಪ್ರತಿಮೆಗಳಿಗೂ ಹಾರಗಳಿಗೂ ಕೊರತೆಯಿಲ್ಲ. ನಾವು ಅವರನ್ನು ಗರ್ಭಗುಡಿಯ ಒಳಗಿಟ್ಟು ಬಾಗಿಲನ್ನು ಹಾಕಿಕೊಂಡಿದ್ದೇವೆ. ಅವರ ಕಾಲದಲ್ಲಿ ಹುಟ್ಟದ ಮಕ್ಕಳಿಗೆ ಹೊರಗೆ ಕೇಳಿಸುವುದು ಗಂಟೆಯ ಸದ್ದಷ್ಟೆ. ಅಭಿಮಾನಿಗಳನ್ನು ಅವರು ದೇವರೆಂದು ಕರೆದರು. ದೇವರುಗಳು ಸ್ವಲ್ಪ ಕಣ್ಣುತೆರೆದು ಭಕ್ತನ ಕೆಲಸವನ್ನು ನೋಡಬಾರದೆ?

ಮರುದಿನ ಬೆಳಗ್ಗೆ ನಾನು ಮತ್ತೆ ಆ ಮನೆಗೆ ಹೋಗಿ ‘ಕಸ್ತೂರಿ ನಿವಾಸ’ದ ಹೆಸರನ್ನು ಆ ಹುಡುಗಿಗೆ ಹೇಳಿ, ಕಪ್ಪುಬಿಳುಪಿನದನ್ನೇ ನೋಡಮ್ಮ ಎಂದು ಸೇರಿಸಿ ಬಂದೆ. ನೋಡಿದ ಮೇಲೆ ಒಪ್ಪದಿದ್ದರೆ ಕಾರಣವನ್ನು ಬರೆದು ತಿಳಿಸಬೇಕೆಂದೂ ಕೇಳಿಕೊಂಡಿದ್ದೇನೆ. ‘ಬಂಗಾರದ ಮನುಷ್ಯ’ದ ಪಕ್ಷದವರಿಗೂ ನನ್ನ ಪ್ರಾರ್ಥನೆ ಅದೇ. ಸಂಪಾದಕರು ಅವರ ಉತ್ತರಕ್ಕೆ ಈ ಪತ್ರಿಕೆಯಲ್ಲಿ ಎಡೆಕೊಡಲು ಸಮ್ಮತಿಸಿದ್ದಾರೆ. ಬರೆಯುವವರು ಯಾವ ದೃಶ್ಯ, ಅದರಲ್ಲಿ ನಟನು ಮಾಡಿದುದೇನು ಎಂಬುದರಿಂದ ಆರಂಭಿಸಲಿ. ಸ್ಟೇಟ್ಸ್ ಚಿತ್ರಮಂದಿರದ ಲೆಕ್ಕ ನನಗೆ ಬಾಯಿಪಾಠವಾಗಿದೆ.