ತೂಕ ಹೆಚ್ಚಿದ್ದರೆ ಕಾಲು ಜಾರುವುದಿಲ್ಲವೇ? ಹಲಗೆ, ಬೆಂಕಿಪೊಟ್ಟಣ ಇಟ್ಟು ನೋಡಿ

'ತೂಕದವರಿಗೆ ಹಿಡಿತ ಜಾಸ್ತಿ, ಅವರು ಜಾರುವುದಿಲ್ಲ' ಎನ್ನುವವರಿದ್ದಾರೆ. 'ಭಾರ ಇದ್ದಷ್ಟೂ ಬೇಗ ಜಾರುತ್ತಾರೆ' ಎನ್ನುವವರೂ ಇದ್ದಾರೆ. ಯಾವುದು ಸರಿ? ತರಗತಿಯಲ್ಲಿ ಮಾಡಿಸುವ ಒಂದು ಸರಳ ಪ್ರಯೋಗದ ಪ್ರಕಾರ, ಎರಡೂ ಅಲ್ಲ.

ಒಂದೇ ಥರದ ಎರಡು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಒಂದು ಖಾಲಿ ಇರಲಿ, ಇನ್ನೊಂದರಲ್ಲಿ ನಾಣ್ಯ ತುಂಬಿ. ಎರಡನ್ನೂ ಮರದ ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟು, ಒಂದು ತುದಿಯನ್ನು ನಿಧಾನವಾಗಿ ಎತ್ತಿ. ಭಾರದ್ದೇ ಮೊದಲು ಜಾರುತ್ತದೆ ಎಂದು ನಾವೂ ಅಂದುಕೊಂಡಿದ್ದೆವು. ಆದರೆ ಎರಡೂ ಹೆಚ್ಚುಕಡಿಮೆ ಒಂದೇ ಇಳಿಜಾರಿನಲ್ಲಿ ಜಾರುತ್ತವೆ. ಕೈ ನಡುಗಿದರೆ ಫಲಿತಾಂಶ ಕೆಡುತ್ತದೆ, ಹಾಗಾಗಿ ನಾಲ್ಕೈದು ಸಲ ಮಾಡಿ ನೋಡಿ.

ಕಾರಣ ಇಷ್ಟೆ. ತೂಕ ಎರಡು ಪಟ್ಟಾದರೆ ಕೆಳಕ್ಕೆ ಎಳೆಯುವ ಬಲ ಎರಡು ಪಟ್ಟಾಗುತ್ತದೆ. ಹಲಗೆಗೆ ಒತ್ತಿ ಹಿಡಿಯುವ ಘರ್ಷಣೆಯೂ ಅಷ್ಟೇ ಹೆಚ್ಚುತ್ತದೆ. ಫ್ರಾನ್ಸಿನ ಗಿಯೋಮ್ ಅಮೊಂಟನ್ಸ್ 1699ರಲ್ಲಿ ಈ ನಿಯಮ ಪ್ರಕಟಿಸಿದರು. ಅದಕ್ಕೂ ಸುಮಾರು 200 ವರ್ಷ ಮೊದಲೇ ಲಿಯೊನಾರ್ಡೊ ಡಾ ವಿಂಚಿ ಇದನ್ನು ತಮ್ಮ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದರು, ಪ್ರಕಟಿಸಿರಲಿಲ್ಲ.

ಹಾಗಾದರೆ ವ್ಯತ್ಯಾಸ ಮಾಡುವುದು ಏನು? ಒಂದಕ್ಕೊಂದು ತಾಗುವ ಎರಡು ಮೇಲ್ಮೈಗಳು. ಪೊಟ್ಟಣದ ತಳಕ್ಕೆ ಒಮ್ಮೆ ಬಟ್ಟೆ, ಒಮ್ಮೆ ಪ್ಲಾಸ್ಟಿಕ್ ಹಾಳೆ, ಒಮ್ಮೆ ಹಳೆಯ ಸೈಕಲ್ ಟ್ಯೂಬಿನ ತುಂಡು ಅಂಟಿಸಿ. ಜಾರುವ ಕ್ಷಣದಲ್ಲಿ ಹಲಗೆಯ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಅದನ್ನು ಆ ತುದಿಯ ನೇರ ಕೆಳಗಿನ ಜಾಗದಿಂದ ಹಲಗೆಯ ಬುಡಕ್ಕೆ ಇರುವ ದೂರದಿಂದ ಭಾಗಿಸಿ. ಅದೇ ಘರ್ಷಣಾ ಗುಣಾಂಕ. ಒಣಮರದ ಮೇಲೆ ಮರಕ್ಕೆ ಅದು ಸಾಮಾನ್ಯವಾಗಿ 0.25ರಿಂದ 0.5ರಷ್ಟು. ರಬ್ಬರಿಗೆ ಇದಕ್ಕಿಂತ ಸಾಕಷ್ಟು ಹೆಚ್ಚು. (ರಬ್ಬರ್ ಒತ್ತಿದರೆ ಅದುಮಿಕೊಳ್ಳುವುದರಿಂದ ಅಮೊಂಟನ್ಸ್ ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ.)

ಈಗ ಬಚ್ಚಲಮನೆಗೆ ಬರೋಣ. ಅಲ್ಲಿ ಪಾದಕ್ಕೂ ಟೈಲ್ಸಿಗೂ ನಡುವೆ ಸೋಪಿನ ನೀರಿನ ತೆಳು ಪದರ ಸೇರಿಕೊಳ್ಳುತ್ತದೆ. ಮೇಲ್ಮೈಗಳು ನೇರವಾಗಿ ತಾಗುವುದೇ ಕಡಿಮೆಯಾಗುತ್ತದೆ. ಆಗ ಸಣಕಲು ದೇಹದ ಅಜ್ಜಿಯೂ ಜಾರುತ್ತಾರೆ, ದಷ್ಟಪುಷ್ಟ ಮೊಮ್ಮಗನೂ ಜಾರುತ್ತಾನೆ. ಚಪ್ಪಲಿಯ ತಳದ ಗೀರುಗಳು ಇರುವುದು ಆ ನೀರಿಗೆ ಪಕ್ಕಕ್ಕೆ ಹೋಗಲು ದಾರಿ ಕೊಡುವುದಕ್ಕೆ. ಸವೆದ ತಳದಲ್ಲಿ ಆ ದಾರಿ ಇರುವುದಿಲ್ಲ.

ಮನೆಯವರ ಚಪ್ಪಲಿ ಹೇಗಿದೆ ಎಂದು ತಿಳಿಯಲು ಅದನ್ನು ಹಾಕಿಕೊಂಡು ಜಾರಿ ನೋಡಬೇಡಿ. ಉಳಿದಿರುವ ಒಂದು ಟೈಲ್ಸನ್ನು ಸೋಪಿನ ನೀರಿನಿಂದ ಒದ್ದೆ ಮಾಡಿ, ಹಳೆಯದು ಮತ್ತು ಹೊಸದು ಎರಡನ್ನೂ ಅದರ ಮೇಲಿಟ್ಟು ನಿಧಾನವಾಗಿ ಎತ್ತಿ. ಒಣ ಟೈಲ್ಸಿನಲ್ಲಿ ಮಾಡಿದರೆ ಹಳೆಯದೂ ಪಾಸಾಗಿಬಿಡಬಹುದು.