ಪ್ರಮಾಣಪತ್ರ ಸಿಕ್ಕಿತು, ಕೆಲಸವೆಲ್ಲಿ?

ನಿರುದ್ಯೋಗದ ಪ್ರಶ್ನೆ ಎದ್ದಾಗಲೆಲ್ಲ ನಮ್ಮನ್ನಾಳುವವರ ಬಳಿ ಒಂದು ಸಿದ್ಧ ಉತ್ತರವಿರುತ್ತದೆ: ನಮ್ಮ ಯುವಕರಲ್ಲಿ ಕೌಶಲವಿಲ್ಲ. ಕೌಶಲ ಕಲಿಸಿದರೆ ಉದ್ಯೋಗ ದೊರೆಯುತ್ತದೆ, ಕೈಗಾರಿಕೆ ಬೆಳೆಯುತ್ತದೆ, ದೇಶ ಮುಂದೆ ಸಾಗುತ್ತದೆ ಎಂಬುದು ಅದರ ಹಿಂದಿರುವ ತರ್ಕ. 2014ರ ಸೆಪ್ಟೆಂಬರ್‌ನಲ್ಲಿ ‘ಮೇಕ್ ಇನ್ ಇಂಡಿಯಾ’, 2015ರ ಜುಲೈಯಲ್ಲಿ ‘ಸ್ಕಿಲ್ ಇಂಡಿಯಾ’ ಘೋಷಣೆಯಾದದ್ದು ಇದೇ ತರ್ಕದ ಮೇಲೆ. ದಶಕವೊಂದು ಸಂದಿರುವ ಈ ಹೊತ್ತಿನಲ್ಲಿ ಪ್ರಜೆಗಳು ಅದರ ಲೆಕ್ಕ ಕೇಳಬೇಡವೇ?

ದೇಶದ ಒಟ್ಟು ಉತ್ಪನ್ನದಲ್ಲಿ ತಯಾರಿಕಾ ರಂಗದ ಪಾಲನ್ನು 2022ರೊಳಗೆ ಶೇ. 25ಕ್ಕೆ ಏರಿಸುವುದಾಗಿ ಹೇಳಲಾಗಿತ್ತು. ಅದು ಅಂದಿದ್ದ ಶೇ. 16-17ರ ಆಸುಪಾಸಿನಿಂದ ಮೇಲಕ್ಕೇರಲೇ ಇಲ್ಲ. ಇದಕ್ಕಿಂತಲೂ ಕಳವಳಕಾರಿಯಾದ ಸಂಗತಿ ಬೇರೊಂದಿದೆ. ಸರಕಾರದ್ದೇ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ, 2018-19ರಲ್ಲಿ ದುಡಿಯುವವರಲ್ಲಿ ಶೇ. 42.5 ಮಂದಿ ಕೃಷಿಯನ್ನು ಅವಲಂಬಿಸಿದ್ದರು. 2023-24ರಲ್ಲಿ ಆ ಪ್ರಮಾಣ ಶೇ. 46.1ಕ್ಕೇರಿತು. ಕೈಗಾರಿಕೀಕರಣವೆಂದರೆ ಜನರು ಹೊಲದಿಂದ ಕಾರ್ಖಾನೆಗೆ ಸಾಗುವುದು. ನಮ್ಮಲ್ಲಿ ಅವರು ಹೊಲಕ್ಕೆ ಮರಳಿದ್ದಾರೆ.

ಹಾಗಾದರೆ ತರಬೇತಿಗೆ ಸುರಿದ ಹಣ ಏನಾಯಿತು? ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಕುರಿತು 2025ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿ ಇದಕ್ಕೆ ಉತ್ತರ ನೀಡುತ್ತದೆ. ಅಲ್ಪಾವಧಿ ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದ ಸುಮಾರು 56 ಲಕ್ಷ ಮಂದಿಯಲ್ಲಿ ಉದ್ಯೋಗ ಸಿಕ್ಕಿದ್ದು ಶೇ. 41ರಷ್ಟು ಮಂದಿಗೆ ಮಾತ್ರ. ಪರಿಶೀಲಿಸಿದ ದಾಖಲೆಗಳಲ್ಲಿ ಶೇ. 94ಕ್ಕೂ ಅಧಿಕ ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ಜಾಗ ಖಾಲಿಯಾಗಿತ್ತು ಅಥವಾ ಅಲ್ಲಿ ಸೊನ್ನೆಗಳಿದ್ದವು.

ಭ್ರಷ್ಟಾಚಾರವೊಂದನ್ನೇ ದೂರಿ ನಾವು ಸುಮ್ಮನಾಗುವಂತಿಲ್ಲ. ದೋಷವಿರುವುದು ಯೋಜನೆಯ ಕಟ್ಟಡದಲ್ಲೇ. 2016ರಲ್ಲಿ ಆರಂಭವಾದ ಅದರ ಎರಡನೇ ಹಂತದಲ್ಲಿ ತರಬೇತಿ ಕೇಂದ್ರಕ್ಕೆ ಶೇ. 30ರಷ್ಟು ಹಣ ತರಗತಿ ಆರಂಭವಾದಾಗ, ಶೇ. 50ರಷ್ಟು ಪ್ರಮಾಣಪತ್ರ ನೀಡಿದಾಗ, ಉಳಿದ ಶೇ. 20 ಉದ್ಯೋಗ ದೊರಕಿಸಿದಾಗ ಎಂಬ ನಿಯಮವಿತ್ತು. ಯುವಕನಿಗೆ ಕೆಲಸ ಸಿಗುವ ಮೊದಲೇ ಐದರಲ್ಲಿ ನಾಲ್ಕು ಪಾಲು ಹಣ ಕೇಂದ್ರದ ಕೈಸೇರುತ್ತಿದ್ದರೆ ಆತನ ಉದ್ಯೋಗದ ಚಿಂತೆ ಯಾರಿಗಿದ್ದೀತು? ಇನ್ನು ಗ್ಯಾರೇಜಿನಲ್ಲಿ ಹತ್ತು ವರ್ಷ ಬೆವರು ಸುರಿಸಿದವನಿಗೆ ‘ಪೂರ್ವಕಲಿಕೆಯ ಮಾನ್ಯತೆ’ಯ ಹೆಸರಲ್ಲಿ ಕೊಡುವ ಕಾಗದವೂ ಇದೇ ಸಾಧನೆಯ ಲೆಕ್ಕಕ್ಕೆ ಸೇರುತ್ತದೆ. ಆತನ ಕೂಲಿ ಅದರಿಂದ ಒಂದು ರೂಪಾಯಿಯಾದರೂ ಏರಿತೇ ಎಂದು ಕೇಳುವವರಿಲ್ಲ.

ಕೈಗಾರಿಕಾ ನೀತಿಯೇ ನಿರರ್ಥಕ ಎಂಬುದು ನಮ್ಮ ವಾದವಲ್ಲ. 2020ರಲ್ಲಿ ಆರಂಭವಾದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನದ ಬಲದಿಂದ ಮೊಬೈಲ್ ತಯಾರಿಕೆ ಬೆಳೆದಿದೆ, ರಫ್ತು ಹೆಚ್ಚಿದೆ. ಕೋಲಾರದ ನರಸಾಪುರದಲ್ಲಿ ಸಾವಿರಾರು ಮಂದಿಗೆ ಕೆಲಸ ಸಿಕ್ಕಿದ್ದು ಐಫೋನ್ ಕಾರ್ಖಾನೆ ಬಂದುದರಿಂದ. ಆದರೆ ಅದೇ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ವೇತನದ ವಿಚಾರದಲ್ಲಿ ಕಾರ್ಮಿಕರ ಆಕ್ರೋಶ ಸ್ಫೋಟಿಸಿತು. ಅಂದಿನ ಮಾಲಕ ಸಂಸ್ಥೆ ವಿಸ್ಟ್ರಾನ್, ಕೆಲವರಿಗೆ ಸರಿಯಾಗಿ, ಸಮಯಕ್ಕೆ ವೇತನ ಪಾವತಿಯಾಗಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಆಸ್ತಿಪಾಸ್ತಿಯ ಧ್ವಂಸವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ದುಡಿದವನ ಕೂಲಿ ಕೈಗೆ ಬಾರದ ಕಡೆ ಯಾವ ಕೌಶಲವೂ ನೆಲೆನಿಲ್ಲದು ಎಂಬ ಪಾಠವನ್ನು ಮರೆಯಲೂಬಾರದು.

ದಕ್ಷಿಣ ಕೊರಿಯಾ 1970ರ ದಶಕದಲ್ಲಿ ಉಕ್ಕು, ಹಡಗು, ಯಂತ್ರೋದ್ಯಮಗಳಿಗೆ ಅಗ್ಗದ ಸಾಲ ನೀಡಿತು. ಬದಲಿಗೆ ರಫ್ತಿನ ಫಲಿತಾಂಶ ಕೇಳಿತು. ಜೊತೆಗೆ ದೊಡ್ಡ ಕಂಪೆನಿಗಳು ತಮ್ಮಲ್ಲೇ ಕಾರ್ಮಿಕರಿಗೆ ತರಬೇತಿ ನೀಡಬೇಕು, ತಪ್ಪಿದರೆ ಶುಲ್ಕ ತೆರಬೇಕು ಎಂಬ ಕಾನೂನು ಮಾಡಿತು. ಕಲಿಸುವ ಹೊಣೆ ಹೊತ್ತದ್ದು ಕೆಲಸ ಕೊಡುವವನೇ. ನಮ್ಮಲ್ಲೂ 1961ರ ಅಪ್ರೆಂಟಿಸ್ ಕಾಯ್ದೆಯಿದೆ. 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕೆಂದು ಅದರ ನಿಯಮ ಹೇಳುತ್ತದೆ. ಸಾರ್ವಜನಿಕರ ತೆರಿಗೆ ಹಣದಿಂದ ಪ್ರೋತ್ಸಾಹಧನ ಪಡೆಯುವ ಪ್ರತಿಯೊಂದು ಕಂಪೆನಿಗೂ ಈ ನಿಯಮದ ಪಾಲನೆಯನ್ನು ಷರತ್ತಾಗಿಸಲು ಸರಕಾರಕ್ಕಿರುವ ಅಡ್ಡಿಯೇನು?

ಕೌಶಲ ಹೂಡಿಕೆ ಬೆಳವಣಿಗೆ ತರಬಲ್ಲದು. ಆದರೆ ಅದು ಕಾರ್ಖಾನೆಯ ಬಾಗಿಲಿನ ಒಳಗೆ ನಡೆದಾಗ. ತರಬೇತಿಯ ಹಣವನ್ನು, ಕಲಿತವನು ಒಂದು ವರ್ಷ ಕೆಲಸದಲ್ಲಿ ಉಳಿದು ವೇತನ ಪಡೆದುದಕ್ಕೆ ತಳಕು ಹಾಕಿ ಪಾವತಿಸಲಿ. ಎಷ್ಟು ಮಂದಿಗೆ ತರಬೇತಿ ನೀಡಿದೆವು ಎಂದು ಸಚಿವರು ಸದನದಲ್ಲಿ ಹೇಳುವಾಗ, ಅವರಲ್ಲಿ ಎಷ್ಟು ಮಂದಿ ಇಂದು ದುಡಿಯುತ್ತಿದ್ದಾರೆ, ಎಷ್ಟು ಕೂಲಿಗೆ ಎಂದು ನಮ್ಮ ಪ್ರತಿನಿಧಿಗಳು ಎದ್ದು ನಿಂತು ಕೇಳಲಿ. ಗೋಡೆಯಲ್ಲಿ ತೂಗುಹಾಕಿದ ಪ್ರಮಾಣಪತ್ರದಿಂದ ಯಾವ ಮನೆಯ ಒಲೆಯೂ ಉರಿಯುವುದಿಲ್ಲ.